ರೇಸಿಂಗ್ ಗೇಮ್ ವಿಮರ್ಶೆಯಲ್ಲಿ ಸೆಟ್ಟಿಂಗ್ಸ್ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ಕಂಪ್ಯೂಟರ್ ರೇಸಿಂಗ್ ಗೇಮ್‌ಗಳ ಬಗ್ಗೆ ಬರುವ ಬರಹಗಳನ್ನು ತಪ್ಪದೆ ಓದುತ್ತೇನೆ. ಒದ್ದೆ ರಸ್ತೆ, ಬಾನೆಟ್ ಮೇಲೆ ಹೊಳೆಯುವ ಮೋಡ, ಫೋಟೊಗಳೇನೋ ಚೆನ್ನಾಗಿರುತ್ತವೆ. ಆದರೆ ಯಾವ ಸೆಟ್ಟಿಂಗ್ ಇಟ್ಟಾಗ ಹಾಗೆ ಕಂಡಿತು, ಆಗ ಗೇಮ್ ಎಷ್ಟು ಸಲೀಸಾಗಿ ಓಡಿತು ಅನ್ನೋದು ಎಲ್ಲೂ ಇರುವುದಿಲ್ಲ. ಆಡುವವರಿಗೆ ಮೊದಲು ಬೇಕಾದದ್ದು ಅದೇ ಅಲ್ವಾ?

ಕಳೆದ ತಿಂಗಳು ನನ್ನ ತಮ್ಮ ಅಸೆಟ್ಟೊ ಕೋರ್ಸಾ ಅನ್ನೋ ಕಾರ್ ರೇಸಿಂಗ್ ಗೇಮ್ ಆಡುತ್ತಿದ್ದ. "ಅಕ್ಕಾ, ಒಬ್ಬನೇ ಓಡಿಸಿದ್ರೆ ಸರಿ ಇರುತ್ತೆ. ರೇಸ್ ಶುರುವಾದ ತಕ್ಷಣ ಜರ್ಕ್ ಹೊಡೆಯುತ್ತೆ. ಮೊದಲ ತಿರುವಲ್ಲೇ ಮುಂದಿನ ಕಾರಿಗೆ ಗುದ್ದುತ್ತೀನಿ" ಅಂದ. ಹೊಸ ಗ್ರಾಫಿಕ್ಸ್ ಕಾರ್ಡ್ (ಕಂಪ್ಯೂಟರ್‌ನಲ್ಲಿ ಚಿತ್ರ ಬಿಡಿಸುವ ಭಾಗ) ಬೇಕೇ ಬೇಕು ಅಂತ ಹಟ. ಪಕ್ಕದಲ್ಲಿ ಕೂತು ಸೆಟ್ಟಿಂಗ್ಸ್ ತೆಗೆದು ನೋಡಿದೆ. ಎಲ್ಲವನ್ನೂ ಪೂರ್ತಿ ಏರಿಸಿಟ್ಟಿದ್ದ.

ಮೊದಲು ಕನ್ನಡಿಗೆ ಕೈ ಹಾಕಿದೆ. ಕನ್ನಡಿ ನೋಡಲು ಚಿಕ್ಕದು, ಕೆಲಸ ದೊಡ್ಡದು. ಹಿಂದಿರುವ ರಸ್ತೆ, ಕಾರು, ಮರ ಎಲ್ಲವನ್ನೂ ಕಂಪ್ಯೂಟರ್ ಇನ್ನೊಂದು ಸಲ ಬಿಡಿಸಬೇಕು. ಕಾರಿನ ಮೈಮೇಲಿನ ಪ್ರತಿಬಿಂಬವೂ ಹಾಗೆಯೇ. ಕಾರಿನ ಸುತ್ತ ಆರು ಮುಖದ ಒಂದು ಪೆಟ್ಟಿಗೆ ಇದೆ, ಸುತ್ತಲಿನ ನೋಟವನ್ನು ಅದರ ಮುಖಗಳ ಮೇಲೆ ಬಿಡಿಸಿ ಅದನ್ನೇ ಕಾರಿನ ಮೈಮೇಲೆ ತೋರಿಸುತ್ತಾರೆ ಅಂದುಕೊಳ್ಳಿ. ಪ್ರತಿ ಫ್ರೇಮ್‌ಗೆ, ಅಂದರೆ ಪರದೆ ಮೇಲೆ ಒಂದರ ಹಿಂದೆ ಒಂದು ಬರುವ ಪ್ರತಿ ಚಿತ್ರಕ್ಕೆ, ಅದರ ಎಷ್ಟು ಮುಖ ಹೊಸದಾಗಿ ಬಿಡಿಸಬೇಕು ಎಂದು ಆ ಗೇಮ್‌ನಲ್ಲಿ ನಾವೇ ಹೇಳಬಹುದು. ಒಂದಕ್ಕೆ ಇಳಿಸಿದೆ. ಕಾರು ಓಡುವಾಗ ಹೊಳಪಿನಲ್ಲಿ ವ್ಯತ್ಯಾಸ ಇಬ್ಬರಿಗೂ ಗೊತ್ತಾಗಲಿಲ್ಲ. ನೆರಳನ್ನೂ ಒಂದು ಹಂತ ಕಡಿಮೆ ಮಾಡಿ, ಮೋಷನ್ ಬ್ಲರ್ (ವೇಗ ತೋರಿಸಲು ಚಿತ್ರವನ್ನು ಮಸುಕು ಮಾಡುವುದು) ತೆಗೆದುಹಾಕಿದೆ.

ಓರೆಯಾಗಿ ಕಾಣುವ ಮೇಲ್ಮೈಗಳನ್ನು ಸ್ಪಷ್ಟವಾಗಿ ತೋರಿಸುವ ಅನೈಸೊಟ್ರಾಪಿಕ್ ಫಿಲ್ಟರಿಂಗ್ ಮಾತ್ರ ಅತಿ ಹೆಚ್ಚಿನ ಹಂತವಾದ 16 ಎಕ್ಸ್‌ನಲ್ಲೇ ಬಿಟ್ಟೆ. ಸೀಟಿನಲ್ಲಿ ಕೂತು ನೋಡುವಾಗ ಮುಂದಿನ ರಸ್ತೆ ಯಾವಾಗಲೂ ಓರೆಯಾಗಿಯೇ ಕಾಣುತ್ತದೆ. ಇದು ಕಡಿಮೆ ಇದ್ದರೆ ಸ್ವಲ್ಪ ದೂರಕ್ಕೇ ಡಾಂಬರು ಕಲಸಿಹೋಗಿ ಬೂದು ಬಣ್ಣದ ಪಟ್ಟಿಯಾಗುತ್ತದೆ. ಜಾಸ್ತಿ ಇಟ್ಟರೆ ಬಿಳಿ ಗೆರೆ, ಬೇರೆಯವರು ಬ್ರೇಕ್ ಒತ್ತಿದ ಕಡೆಯ ಟೈರ್ ಕಲೆ ದೂರದಿಂದಲೇ ಕಾಣುತ್ತವೆ. ಈಗಿನ ಕಾರ್ಡ್‌ಗಳಿಗೆ ಇದು ಭಾರವೂ ಅಲ್ಲ. ಅಂದ ಹೆಚ್ಚಿಸುವುದೇ ಬೇರೆ, ದಾರಿ ತೋರಿಸುವುದೇ ಬೇರೆ. ವಿಮರ್ಶೆಯಲ್ಲಿ ಇಂಥ ಮಾತು ಬರಬೇಕು ಅನ್ನೋದು ನನ್ನ ಆಸೆ.

ರೇಸಿಂಗ್‌ನಲ್ಲಿ ಫ್ರೇಮ್ ಬಗ್ಗೆ ಇಷ್ಟು ಹೇಳಲು ಕಾರಣ ಇದೆ. ಗಂಟೆಗೆ 180 ಕಿಲೋಮೀಟರ್ ಅಂದರೆ ಸೆಕೆಂಡಿಗೆ 50 ಮೀಟರ್. ಸೆಕೆಂಡಿಗೆ 60 ಫ್ರೇಮ್ ಬರುತ್ತಿದ್ದರೆ ಒಂದು ಚಿತ್ರದಿಂದ ಇನ್ನೊಂದಕ್ಕೆ ಕಾರು ಸುಮಾರು 83 ಸೆಂಟಿಮೀಟರ್ ಸಾಗಿರುತ್ತದೆ. 30ಕ್ಕೆ ಬಿದ್ದರೆ ಸುಮಾರು 1.67 ಮೀಟರ್. ಒಂದೇ ಸಮ ಇದ್ದರೆ ಕೈ ಹೇಗೋ ಹೊಂದಿಕೊಳ್ಳುತ್ತದೆ. ಏರುತ್ತಾ ಇಳಿಯುತ್ತಾ ಇದ್ದರೆ ಎಲ್ಲಿ ಬ್ರೇಕ್ ಒತ್ತಬೇಕು ಅನ್ನೋ ಅಂದಾಜೇ ತಪ್ಪುತ್ತದೆ. ಒಮ್ಮೆ 100 ಮುಟ್ಟಿ ಒಮ್ಮೆ 45ಕ್ಕೆ ಕುಸಿಯುವುದಕ್ಕಿಂತ, ಸೆಟ್ಟಿಂಗ್ಸ್ ಇಳಿಸಿ 60ರಲ್ಲಿ ಗಟ್ಟಿಯಾಗಿ ನಿಲ್ಲಿಸುವುದೇ ಮೇಲು.

ನಿಮ್ಮ ವಿಮರ್ಶಕರಲ್ಲಿ ನನ್ನ ಕೋರಿಕೆ ಇಷ್ಟೇ. ಖಾಲಿ ಟ್ರ್ಯಾಕಿನಲ್ಲಿ ಒಂದು ಸುತ್ತು ಹೊಡೆದು "ಸಲೀಸಾಗಿ ಓಡುತ್ತದೆ" ಎಂದು ಬರೆಯಬೇಡಿ. ಕೊನೆಯ ಸಾಲಿನಲ್ಲಿ ನಿಂತು, ಎದುರಿಗೆ ಎಲ್ಲ ಕಾರುಗಳೂ ಇರುವಾಗ ನೋಡಿ. ಗೇಮ್‌ನಲ್ಲಿ ಮಳೆ ಇದ್ದರೆ ಮಳೆಯಲ್ಲೂ ನೋಡಿ. ಎದುರಾಳಿ ಕಾರುಗಳ ಲೆಕ್ಕಾಚಾರ ಪ್ರೊಸೆಸರ್ ಮೇಲೆ ಬೀಳುತ್ತದೆ. ಅಲ್ಲಿ ತೊಡಕಾದರೆ ಕಾರ್ಡಿನ ಹೊರೆ ತಗ್ಗಿಸಲು ರೆಸಲ್ಯೂಷನ್ (ಚಿತ್ರದ ಚುಕ್ಕೆಗಳ ಸಂಖ್ಯೆ) ಇಳಿಸಿದರೂ ಪ್ರಯೋಜನ ಇಲ್ಲ, ಕಾರುಗಳ ಸಂಖ್ಯೆಯನ್ನೇ ಕಡಿಮೆ ಮಾಡಬೇಕಾಗುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಮಕ್ಕಳು ಸುಮ್ನೆ ಹೊಸ ಕಾರ್ಡ್ ಬೇಕು ಅಂತ ಮನೆಯಲ್ಲಿ ಹಟ ಹಿಡಿಯುತ್ತಾರೆ.

ನನ್ನ ತಮ್ಮ ಈಗಲೂ ಹಳೇ ಕಾರ್ಡಿನಲ್ಲೇ ಆಡುತ್ತಿದ್ದಾನೆ. ಮೊನ್ನೆ ಕೊನೆಯ ಸಾಲಿನಿಂದ ಹೊರಟು ಮೊದಲ ತಿರುವನ್ನು ಯಾರಿಗೂ ತಾಗದೆ ದಾಟಿದ.

ಇಂತಿ,
ನಿಮ್ಮ ಪತ್ರಿಕೆಯ ಓದುಗಿ