ಅಟ್ಟ ಇಳಿಸುವ ಮುಂಚೆ

ನಿಶಿ-ಕಸಾಯ್, ಟೋಕಿಯೋ
ನವೆಂಬರ್

ಪ್ರೀತಿಯ ಅಮ್ಮ, ಅಪ್ಪ,

ನಮಸ್ಕಾರ. ಇಲ್ಲಿ ನಾವಿಬ್ಬರೂ ಕ್ಷೇಮ. ಚಳಿ ಶುರುವಾಗಿದೆ. ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ಫೋನಿನಲ್ಲಿ ಸರಿಯಾಗಿ ಮಾತಾಡಲು ಆಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ತಮ್ಮನಿಗೂ ಓದಿ ಹೇಳಿ. ಬಣ್ಣ ಹೊಡೆಸುವ ನೆಪದಲ್ಲಿ ಅಟ್ಟದ ಮೇಲಿರುವುದನ್ನೆಲ್ಲ ಗುಜರಿಗೆ ಹಾಕುತ್ತೇನೆ ಅಂತ ಹಟ ಹಿಡಿದಿದ್ದಾನಂತೆ. ಅಮ್ಮ, ನೀನು ಅವನ ಜೊತೆ ಮಾತು ಬಿಟ್ಟಿದ್ದೀಯಂತೆ. ಅಪ್ಪ ಎಂದಿನಂತೆ ಪೇಪರ್ ಹಿಂದೆ ಅಡಗಿ ಕೂತಿರಬೇಕು.

ನಮ್ಮ ಹೊಸ ಮನೆ ಹಳೆಯದಕ್ಕಿಂತ ಸಣ್ಣದು. ಮಲಗುವ ಕೋಣೆ ಆರು ಚಾಪೆಯದು. ಇಲ್ಲಿ ಕೋಣೆಗಳನ್ನು ತತಾಮಿ ಚಾಪೆಯ ಲೆಕ್ಕದಲ್ಲಿ ಅಳೆಯುತ್ತಾರೆ. ಆರು ಚಾಪೆ ಅಂದರೆ ಸುಮಾರು 100 ಚದರ ಅಡಿ. ಹಾಗಾಗಿ ಸಾಮಾನು ಕಡಿಮೆ ಮಾಡದೆ ಬೇರೆ ದಾರಿಯೇ ಇರಲಿಲ್ಲ.

ಆದರೆ ಇಲ್ಲಿ ಎಸೆಯುವುದೂ ಒಂದು ಕೆಲಸ. ನಮ್ಮಲ್ಲಿ ಹಳೇದು ಕೊಟ್ಟರೆ ಗುಜರಿಯವನು ತೂಕ ಹಾಕಿ ದುಡ್ಡು ಕೊಡುತ್ತಾನೆ. ಇಲ್ಲಿ ದೊಡ್ಡ ಸಾಮಾನು ಎಸೆಯಲು ನಾವೇ ದುಡ್ಡು ಕೊಡಬೇಕು. ಯಾವುದೇ ಕಡೆ 30 ಸೆಂಟಿಮೀಟರ್ ದಾಟಿದರೆ ಅದು ‘ಸೊದಾಯ್ ಗೊಮಿ’, ಅಂದರೆ ದೊಡ್ಡ ಕಸ. ಮೊದಲೇ ಬುಕ್ ಮಾಡಬೇಕು. ಮೂಲೆ ಅಂಗಡಿಯಿಂದ 200 ಯೆನ್, 300 ಯೆನ್‌ನ ಸ್ಟಿಕರ್ ತಂದು, ನಂಬರ್ ಬರೆದು ಅಂಟಿಸಿ, ಅವರು ಹೇಳಿದ ದಿನ ಬೆಳಗ್ಗೆ 8 ಗಂಟೆಯೊಳಗೆ ಕೆಳಗೆ ಇಡಬೇಕು. ಫ್ರಿಜ್, ವಾಷಿಂಗ್ ಮಷೀನ್, ಟಿವಿ, ಎಸಿ ಆದರೆ ಇದಕ್ಕೂ ಸೇರುವುದಿಲ್ಲ. ಅವಕ್ಕೆ 2001ರಿಂದ ಬೇರೆ ಕಾನೂನೇ ಇದೆ, ರೀಸೈಕಲ್ ಖರ್ಚು ಎಸೆಯುವವರದ್ದೇ. ಒಂದು ಹಳೇ ಕುರ್ಚಿಗೆ ಇಷ್ಟೆಲ್ಲ ಓಡಾಡಿದ ಮೇಲೆ ಅಂಗಡಿಯಲ್ಲಿ ಇನ್ನೊಂದು ಕುರ್ಚಿ ಕಂಡರೆ ಕಾಲು ನಿಲ್ಲದೆ ತಾನಾಗಿ ಅದನ್ನು ದಾಟಿ ಹೋಗುತ್ತದೆ. ಈ ಪದ್ಧತಿ ನನಗೆ ಇಷ್ಟವಾಯಿತು. ಹೊರೆ ಎಸೆಯುವಾಗ ಅಲ್ಲ, ಕೊಳ್ಳುವಾಗಲೇ ಗೊತ್ತಾಗಬೇಕು.

ವಿಚಿತ್ರ ಏನು ಗೊತ್ತಾ? ಹಳೇ ನೆನಪಿನ ಸಾಮಾನು ಬಿಡುವುದು ಅಷ್ಟು ಕಷ್ಟವಾಗಲಿಲ್ಲ. ಕಷ್ಟವಾಗಿದ್ದು ಮುಂದೊಂದು ದಿನ ನಾನು ಏನೋ ಆಗುತ್ತೇನೆ ಅಂತ ಕೊಂಡ ಸಾಮಾನು. ತಂತಿ ತುಕ್ಕು ಹಿಡಿದ ಗಿಟಾರ್. ಕೇಕ್ ಅಚ್ಚುಗಳು. ಯೋಗದ ಚಾಪೆ, ಅದೂ ಎರಡು. ಒಂದೊಂದೂ ಕಪಾಟಿನಿಂದ ‘ನನ್ನನ್ನು ಯಾವಾಗ ಶುರು ಮಾಡ್ತೀಯ’ ಅಂತ ದಿನಾ ಕೇಳುತ್ತಿತ್ತು. ಎಲ್ಲ ಕೊಟ್ಟುಬಿಟ್ಟೆ. ಉಳಿಸಿಕೊಂಡದ್ದು ಜಪಾನಿ ಭಾಷೆಯ ಪುಸ್ತಕಗಳನ್ನು ಮಾತ್ರ. ಶನಿವಾರದ ಬೇರೆ ಕ್ಲಾಸುಗಳನ್ನೂ, ಸುಮ್ನೆ ತುಂಬಿಕೊಂಡಿದ್ದ ವಾಟ್ಸಾಪ್ ಗುಂಪುಗಳನ್ನೂ ಬಿಟ್ಟೆ. ಚಿಕ್ಕಮ್ಮಂದಿರ ಗುಂಪಿನಲ್ಲಿ ಇದ್ದೇನೆ, ಹೆದರಬೇಡಿ. ಡಿಸೆಂಬರ್ ಮೊದಲ ಭಾನುವಾರ ಜೆಎಲ್‌ಪಿಟಿ, ಅಂದರೆ ಜಪಾನಿ ಭಾಷೆಯ ಪರೀಕ್ಷೆ ಇದೆ. ಈ ಸಲ ಅದರ ನಡುವಿನ ಹಂತ ಎನ್3 ಬರೆಯುತ್ತಿದ್ದೇನೆ. ಒಂದೇ ಕೆಲಸ ಎದುರಿಗಿದ್ದರೆ ತಲೆಯೂ ಓಡುತ್ತದೆ, ರಾತ್ರಿ ನಿದ್ದೆಯೂ ಬರುತ್ತದೆ.

ಅಮ್ಮ, ನಿನಗೆ ಒಂದು ವಿಷಯ ಹೇಳಲೇಬೇಕು. ಫೆಬ್ರವರಿ 8ರಂದು ಇಲ್ಲಿ ‘ಹರಿ-ಕುಯೋ’ ಅಂತ ಮಾಡುತ್ತಾರೆ. ಮುರಿದ, ಬಾಗಿದ ಸೂಜಿಗಳಿಗೆ ಬೀಳ್ಕೊಡುಗೆ. ಆಸಾಕುಸಾದ ಸೆನ್ಸೋ-ಜಿ ದೇವಸ್ಥಾನಕ್ಕೆ ನೋಡಲು ಹೋಗಿದ್ದೆ. ತೋಫು, ಅಂದರೆ ಮೆತ್ತಗಿನ ಸೋಯಾ ಪನೀರಿನ ದೊಡ್ಡ ತುಂಡು ಇಟ್ಟಿದ್ದರು. ಕಿಮೋನೊ ಉಟ್ಟ ಒಬ್ಬ ಅಜ್ಜಿ ಪೊಟ್ಟಣದಿಂದ ಒಂದೊಂದೇ ಸೂಜಿ ತೆಗೆದು ಅದರಲ್ಲಿ ಚುಚ್ಚುತ್ತಿದ್ದಳು. ಜೀವನವೆಲ್ಲ ಗಟ್ಟಿ ಬಟ್ಟೆ ಚುಚ್ಚಿ ದಣಿದಿವೆ, ಕೊನೆಗಾದರೂ ಮೆತ್ತಗಿನ ಜಾಗ ಸಿಗಲಿ ಅಂತ. ಕೊನೆಯ ಸೂಜಿ ಚುಚ್ಚಿ ಕೈ ಮುಗಿದು, ಸೀದಾ ಹೊರಟೇಹೋದಳು. ತಿರುಗಿಯೂ ನೋಡಲಿಲ್ಲ. ನಾವು ಆಯುಧಪೂಜೆಯಲ್ಲಿ ನಿನ್ನ ಹೊಲಿಗೆ ಮಷೀನಿಗೆ ಕುಂಕುಮ ಹಚ್ಚುತ್ತೇವೆ, ಆದರೆ ಅದು ಕೆಟ್ಟು ನಿಂತ ಮೇಲೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ. ಅದಕ್ಕೇ ಅದು ಅಟ್ಟ ಸೇರುತ್ತದೆ.

ಈಗ ತಮ್ಮನಿಗೆ. ನೋಡಪ್ಪಾ, ಸಾಮಾನು ಕಡಿಮೆ ಮಾಡುವ ವಿಡಿಯೋ ನೋಡಿ ಉತ್ಸಾಹ ಬಂದಿರುವುದು ಒಳ್ಳೆಯದೇ. ಆದರೆ ಅಟ್ಟದಲ್ಲಿ ಅರ್ಧ ನಿನ್ನದೇ. ಇಂಜಿನಿಯರಿಂಗ್ ಪುಸ್ತಕ, ಹಿಡಿ ಕಿತ್ತ ಬ್ಯಾಟು, ಟಿವಿ ಬಂದಿದ್ದ ಥರ್ಮಾಕೋಲ್ ಪೆಟ್ಟಿಗೆ. ಮೊದಲು ಅವನ್ನು ಇಳಿಸು. ಹಳೇ ಡಬ್ಬಾ ಮಾನಿಟರನ್ನು ಗುಜರಿಗೆ ಕೊಡಬೇಡ. ತಾಮ್ರಕ್ಕಾಗಿ ಒಡೆಯುತ್ತಾರೆ, ಅದರ ಗಾಜಿನಲ್ಲಿ ಸೀಸ ಇರುತ್ತದೆ. ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆಗೆ ಕೊಡು. ಅಮ್ಮನ ಟ್ರಂಕನ್ನು ಅಮ್ಮನೇ ತೆರೆಯಲಿ. ಬೇರೆಯವರ ಸಾಮಾನು ಎಸೆದು ತಾನು ಹಗುರಾದೆ ಅನ್ನುವುದು ನನಗೆ ಒಪ್ಪಿಗೆಯಿಲ್ಲ.

ಅಮ್ಮ, ನಿನಗೂ ಒಂದು ಮಾತು. ಟ್ರಂಕಿನಲ್ಲಿರುವ ಕಾಟನ್ ಸೀರೆಗಳು ಮಡಿಕೆಯಲ್ಲೇ ಹರಿಯುತ್ತಿವೆ. ಉಡುವುದೂ ಇಲ್ಲ, ಕೊಡುವುದೂ ಇಲ್ಲ. ಧಾರವಾಡದ ಅತ್ತೆಯ ಬೀದಿಯಲ್ಲಿ ಕೌದಿ ಹೊಲಿಯುವವರು ಇದ್ದಾರಲ್ಲ, ಅವರಿಗೆ ಕೊಡು. ಅಜ್ಜಿಯ ಹಸಿರು ಸೀರೆ ಮಧ್ಯಕ್ಕೆ ಬರಲಿ. ಒಂದು ಕೌದಿ ನನಗೆ. ಇಲ್ಲಿಯ ಚಳಿಗೆ ನಿಜವಾಗಿಯೂ ಬೇಕು, ಮಡಚಿಟ್ಟರೆ ಜಾಗವೂ ಜಾಸ್ತಿ ತಿನ್ನುವುದಿಲ್ಲ. ಸ್ಟೀಲ್ ಪಾತ್ರೆಯವಳಿಗೆ ಮಾತ್ರ ಕೊಡಬೇಡ. ಸೀರೆ ಹೋಗಿ ಇನ್ನೊಂದು ಬೋಗುಣಿ ಬಂದರೆ ಅಟ್ಟ ಅಷ್ಟೇ ತುಂಬಿರುತ್ತದೆ!

ತಾಮ್ರದ ಹಂಡೆಯ ಬಗ್ಗೆ ಫೋನಿನಲ್ಲಿ ಜಗಳವಾಡೋಣ. ಪರೀಕ್ಷೆ ಮುಗಿದ ರಾತ್ರಿ ಫೋನ್ ಮಾಡುತ್ತೇನೆ, ಅಷ್ಟರಲ್ಲಿ ತಮ್ಮನ ಪೆಟ್ಟಿಗೆಗಳು ಕೆಳಗಿರಬೇಕು. ಅಪ್ಪ, ನೀವು ಏಣಿ ಹತ್ತಬೇಡಿ.

ನಿಮ್ಮ ಪ್ರೀತಿಯ ಮಗಳು