ಅಕ್ಕಿ ಡಬ್ಬಿಯಲ್ಲಿ ಮೊಬೈಲ್ ಬಚ್ಚಿಟ್ಟರೆ ಸಾಕೇ?

ಮಾನ್ಯ ಸಂಪಾದಕರೇ,

ಪೋಷಕರ ಸಭೆಯಲ್ಲಿ ಮೊಬೈಲಿನ ಮಾತು ಬಂದರೆ ಸಾಕು, ಲೆಕ್ಕವೆಲ್ಲ ಗಂಟೆಗಳದ್ದೇ. ‘ನಮ್ಮವನು ದಿನಕ್ಕೆ ನಾಲ್ಕು ಗಂಟೆ’, ‘ನಮ್ಮವಳು ಆರು’. ಪದವಿಪೂರ್ವ ಕಾಲೇಜಿನಲ್ಲಿ ಹದಿನೆಂಟು ವರ್ಷದಿಂದ ಪಾಠ ಮಾಡುತ್ತಿರುವ ನಾನೂ ಹೀಗೆಯೇ ಲೆಕ್ಕ ಹಾಕುತ್ತಿದ್ದೆ. ಹೋದ ವರ್ಷ ವಿದ್ಯಾರ್ಥಿನಿಯೊಬ್ಬಳು ಊಟ ಬಿಟ್ಟು, ಮಾತು ಬಿಟ್ಟು, ಕೊನೆಯ ಬೆಂಚಿಗೆ ಸರಿದಳು. ‘ಎಲ್ಲ ಈ ಮೊಬೈಲಿನಿಂದಲೇ’ ಎಂದು ಅವಳ ತಂದೆ ಅದನ್ನು ಕಿತ್ತುಕೊಂಡು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರು. ವಾರ ಕಳೆಯುವಷ್ಟರಲ್ಲಿ ಅವಳು ಕಾಲೇಜಿಗೆ ಬರುವುದನ್ನೂ ನಿಲ್ಲಿಸಿದಳು. ಬೇರೆ ಊರಿಗೆ ಹೋಗಿದ್ದ ಒಬ್ಬಳೇ ಒಬ್ಬಳು ಗೆಳತಿ ಅವಳಿಗೆ ಸಿಗುತ್ತಿದ್ದುದು ಆ ಫೋನಿನಲ್ಲಿ ಎಂಬುದು ಯಾರಿಗೂ ಹೊಳೆದಿರಲಿಲ್ಲ.

ಮುಂದೊಂದು ದಿನ ಅವಳೇ ಆ ಫೋನನ್ನು ನನ್ನ ಕೈಗಿಟ್ಟಳು. ಹತ್ತು ನಿಮಿಷ ನೋಡಿದೆ. ಮಳೆ, ಕಿಟಕಿ, ಒಂಟಿ ಹುಡುಗಿ, ಹಿಂದೆ ಅಳುವ ಪಿಟೀಲು, ಮೇಲೆ ‘ನಾನಿದ್ದರೆಷ್ಟು, ಬಿಟ್ಟರೆಷ್ಟು’ ಎಂಬಂಥ ಸಾಲು. ಮುಗಿಯಿತು ಎನ್ನುವಷ್ಟರಲ್ಲಿ ಅಂಥದ್ದೇ ಇನ್ನೊಂದು. ಒಂದು ಅಡುಗೆಯಿಲ್ಲ, ಒಂದು ನಗೆಹನಿಯಿಲ್ಲ. ಬೇಸರದಲ್ಲಿ ಒಂದೆರಡು ವಿಡಿಯೊ ಮುಂದೆ ತುಸು ಹೊತ್ತು ನಿಂತವಳಿಗೆ ಆ್ಯಪ್ ಬೇಸರವನ್ನೇ ಬಡಿಸತೊಡಗಿತ್ತು. ನನಗೆ ಬೆಳಗಿನಿಂದ ಸಂಜೆಯವರೆಗೆ ಸೀರೆ ತೋರಿಸುವುದೂ ಅದೇ ಆ್ಯಪ್!

ಲಂಡನ್ನಿನ ಮಾಲಿ ರಸೆಲ್ 2017ರಲ್ಲಿ ಜೀವ ಕಳೆದುಕೊಂಡಾಗ ಅವಳಿಗೆ ಹದಿನಾಲ್ಕು ವರ್ಷ. ಕೊನೆಯ ಆರು ತಿಂಗಳಲ್ಲಿ ಅವಳು ಇನ್‌ಸ್ಟಾಗ್ರಾಮಿನಲ್ಲಿ ಮೆಚ್ಚಿದ, ಹಂಚಿದ, ಉಳಿಸಿಕೊಂಡ 16,300 ಪೋಸ್ಟ್‌ಗಳಲ್ಲಿ 2,100 ಖಿನ್ನತೆ, ಸ್ವಯಂಹಾನಿ, ಆತ್ಮಹತ್ಯೆಗೆ ಸಂಬಂಧಿಸಿದ್ದವು. ಮೊದಲೇ ಖಿನ್ನಳಾಗಿದ್ದ ಬಾಲಕಿಯ ಸಾವಿನಲ್ಲಿ ಇಂಥವುಗಳ ಪಾಲೂ ಇದೆ ಎಂದು ಮರಣ ವಿಚಾರಣಾಧಿಕಾರಿ 2022ರಲ್ಲಿ ದಾಖಲಿಸಿದರು. ಎಷ್ಟು ಗಂಟೆ ನೋಡಿದಳು ಎಂಬುದಕ್ಕಿಂತ ಏನು ನೋಡಿದಳು ಎಂಬುದೇ ಅಲ್ಲಿಯೂ ಮುಖ್ಯವಾಯಿತು.

ಮೊಬೈಲಿನಿಂದ ಖಿನ್ನತೆಯೋ, ಖಿನ್ನತೆಯಿಂದ ಮೊಬೈಲೋ ಎಂಬ ವಾದ ತಜ್ಞರಿಗಿರಲಿ. ನಿದ್ದೆ ಬಾರದ ಹುಡುಗಿ ನಡುರಾತ್ರಿ ಹೊದಿಕೆಯೊಳಗೆ ಫೋನ್ ಹಿಡಿಯುತ್ತಾಳೆ. ಬರಬೇಕಿದ್ದ ನಿದ್ದೆಯೂ ಓಡುತ್ತದೆ. ರಾತ್ರಿ ಫೋನ್ ಅಡುಗೆಮನೆಯಲ್ಲಿರಲಿ, ಒಪ್ಪುತ್ತೇನೆ. ಅಪ್ಪ ಅಮ್ಮನದೂ ಅಲ್ಲೇ ಇರಲಿ. ಹಗಲು ಪಕ್ಕದಲ್ಲಿ ಕೂತು ‘ಇವತ್ತು ಏನೇನು ಬಂತು, ತೋರಿಸು ಮಗಳೇ’ ಎಂದು ಕೇಳುವುದಕ್ಕೆ ಎಷ್ಟು ಹೊತ್ತು ಬೇಕು?

ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್‌ನಂಥ ತಂತ್ರಜ್ಞಾನದ ಗೀಳಿಗೆಂದೇ 2014ರಿಂದ ‘ಶಟ್’ ಕ್ಲಿನಿಕ್ ಇದೆ. ಆದರೆ ಎಲ್ಲರೂ ಬೆಂಗಳೂರಿಗೆ ಹೋಗಲಾದೀತೇ? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ನಮ್ಮ ಕಾಲೇಜಿನ ಸೂಚನಾ ಫಲಕದಲ್ಲಿ ಶುಲ್ಕ ಕಟ್ಟುವ ಕೊನೆಯ ದಿನಾಂಕವಿತ್ತು, ಈ ಸಂಖ್ಯೆ ಇರಲಿಲ್ಲ. ಈಗ ಸೀಮೆಸುಣ್ಣದಲ್ಲಿ ನಾನೇ ಬರೆದಿದ್ದೇನೆ. ಇನ್ನು, ಸರ್ಕಾರದ ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವುದು ಮಂಗಳವಾರ. ಕಾಲೇಜುಗಳು ಆ ದಿನ ಕಿರುಪರೀಕ್ಷೆ ಇಡುವುದನ್ನಾದರೂ ಬಿಡಲಿ. ಪರೀಕ್ಷೆ ತಪ್ಪುತ್ತದೆಂಬ ಹೆದರಿಕೆಗೆ ನಮ್ಮ ಹುಡುಗಿ ಮೊದಲ ಭೇಟಿಯನ್ನು ಮೂರು ವಾರ ಮುಂದೂಡಿದ್ದಳು.

ಇತಿ,
ಓರ್ವ ಉಪನ್ಯಾಸಕಿ, ತಿಪಟೂರು