ಎತ್ತರದ ರಿಸೀವರ್ ವಾದ: ಎಲ್ಲರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಬೆಂಚಿನಲ್ಲಿರುವ ಎತ್ತರದ ರಿಸೀವರ್‌ನನ್ನು (ಎಸೆದ ಚೆಂಡನ್ನು ಓಡಿ ಹಿಡಿಯುವ ಆಟಗಾರ) ಆಡಿಸಬೇಕೋ ಬೇಡವೋ ಅಂತ ಗುಂಪಿನಲ್ಲಿ ವಾದ ಜೋರಾಗಿದೆ. ಇನ್ನು ಮುಂದೆ ಬರೆಯುವವರು ದಯವಿಟ್ಟು ಕ್ರಿಸ್ ಮ್ಯಾಥ್ಯೂಸ್‌ನನ್ನು ನೆನಪಿಸಿಕೊಂಡು ಬರೆಯಿರಿ.

6 ಅಡಿ 5 ಅಂಗುಲದ ಆಳು. ಸಿಯಾಟಲ್ ಸೀಹಾಕ್ಸ್ ತಂಡದ ಪರ 2014ರ ಸೀಸನ್‌ನಲ್ಲಿ ಒಂದೂ ಕ್ಯಾಚ್ ಇರಲಿಲ್ಲ. 2015ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ (ಆ ಸೀಸನ್‌ನ ಫೈನಲ್) ನ್ಯೂ ಇಂಗ್ಲೆಂಡ್ ವಿರುದ್ಧ 4 ಕ್ಯಾಚ್, 109 ಗಜ, ಒಂದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಲೈನ್ ದಾಟಿಸಿ ಗಳಿಸುವ ಅಂಕ)! ಆಮೇಲೆ ಎದುರಾಳಿಗಳು 6 ಅಡಿ 4 ಅಂಗುಲದ ಡಿಫೆಂಡರ್ ಬ್ರೌನರ್‌ನನ್ನು ಅವನ ಬೆನ್ನಿಗೆ ಬಿಟ್ಟರು, ಮ್ಯಾಥ್ಯೂಸ್ ಆಟ ಅಲ್ಲಿಗೆ ತಣ್ಣಗಾಯಿತು. ಮುಂದಿನ ಸೀಸನ್ ಮುಗಿಯುವ ಮೊದಲೇ ತಂಡ ಅವನನ್ನು ಕೈಬಿಟ್ಟಿತು. ಅಂದರೆ ಎರಡೂ ಬಣದವರಿಗೆ ಇವನೇ ಸಾಕ್ಷಿ (ಅದಕ್ಕೇ ಜಗಳ ಮುಗಿಯುತ್ತಿಲ್ಲ).

ನನ್ನ ಮಾತು ಇಷ್ಟೇ: ಗೋಲ್ ಲೈನ್ ಹತ್ತಿರ ಆಡಿಸಲಿ. 5 ಗಜದ ಗೆರೆಯಿಂದ ಎಂಡ್ ಝೋನ್ (ಗೋಲ್ ಲೈನ್ ಆಚೆಯ 10 ಗಜದ ಜಾಗ) ಕೊನೆಯವರೆಗೆ ಇರುವುದೇ 15 ಗಜ. ಅಲ್ಲಿ ವೇಗಕ್ಕಿಂತ ಮೇಲಕ್ಕೆ ಚಾಚುವ ಕೈ ಮುಖ್ಯ. ಮೈದಾನದ ನಡುವೆ ಮಾತ್ರ ಉದ್ದ ಕಾಲಿನವರಿಗೆ ಥಟ್ಟನೆ ತಿರುಗುವುದು ಕಷ್ಟ. ಜೊತೆಗೆ ಸ್ಪೆಷಲ್ ಟೀಮ್ಸ್‌ನಲ್ಲೂ (ಕಿಕ್‌ಗಳ ವೇಳೆ ಆಡುವ ಪಡೆ) ದುಡಿಯಲಿ. ಅದೇ ಸೀಸನ್‌ನಲ್ಲಿ ಗ್ರೀನ್ ಬೇ ತಂಡದ ವಿರುದ್ಧ ಆನ್‌ಸೈಡ್ ಕಿಕ್ (ಚೆಂಡನ್ನು ತಾವೇ ಮರಳಿ ಪಡೆಯಲು ಹತ್ತಿರಕ್ಕೆ ಒದೆಯುವುದು) ಹಿಡಿದವನೂ ಮ್ಯಾಥ್ಯೂಸೇ ತಾನೇ?

ಒಪ್ಪದವರು ಶನಿವಾರದೊಳಗೆ ಇಲ್ಲೇ ಬರೆಯಿರಿ. ವಾಯ್ಸ್ ನೋಟ್ ಬೇಡ, ಹೈಲೈಟ್ಸ್ ವಿಡಿಯೊ ಒಬ್ಬರಿಗೆ ಒಂದೇ.